ಕೆರೆಯ ಚಿತ್ರದಿಂದ ತೆಗೆದದ್ದು

ನಾನು ಸ್ನಾನಕ್ಕೆ ಹೋಗಬೇಕಾದರೆ ಮೊದಲು ಬಚ್ಚಲುಮನೆಯ ಬಾಗಿಲು ತಟ್ಟಿ "ಮಾವ, ಮುಗೀತಾ?" ಎಂದು ಕೇಳಬೇಕು. "ಇನ್ನೂ ತೊಳೀತಿದೀನಮ್ಮ" ಎಂಬ ಉತ್ತರ ಬಂದರೆ ಟವೆಲ್ಲನ್ನು ಹೆಗಲ ಮೇಲೆ ಹಾಕಿಕೊಂಡು ಅಡುಗೆಮನೆಗೆ ವಾಪಸಾಗಬೇಕು. ಅವರು ತೊಳೆಯುತ್ತಿರುವುದು ಮೈಯನ್ನಲ್ಲ, ಫಿಲ್ಮನ್ನು. ಸಾಬೂನಿನ ಗೂಡಿನಲ್ಲಿ ರಾಸಾಯನಿಕದ ಕಂದು ಬಾಟಲಿಗಳು, ಬಟ್ಟೆಯ ಹಗ್ಗಕ್ಕೆ ಕ್ಲಿಪ್ಪು ಹಾಕಿ ಇಳಿಬಿಟ್ಟ ನೆಗೆಟಿವ್‌ಗಳು, ಫ್ರಿಜ್ಜಿನಲ್ಲಿ ಬೆಣ್ಣೆಯ ಪಕ್ಕ ಫಿಲ್ಮ್ ರೋಲುಗಳು. ಕೆಲಸಕ್ಕೆ ಹೊರಟ ಹೆಂಗಸು ಮುಖ ತೊಳೆಯಲು ಪಾತ್ರೆಯ ಸಿಂಕಿಗೆ ಹೋಗುವ ಮನೆ ನಮ್ಮದೊಂದೇ ಇರಬೇಕು.

ಮಾವ ಅಂಚೆ ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ರಜೆ ಸಿಕ್ಕಾಗಲೆಲ್ಲ ಕೆರೆ, ಗುಡ್ಡ, ಮೋಡ ಎಂದು ಅಲೆದವರು. ಎಲ್ಲಿ ಹೋದರೂ ಕ್ಯಾಮೆರಾದ ಮುಕ್ಕಾಲಿ ಹೆಗಲ ಮೇಲಿರುತ್ತಿದ್ದುದರಿಂದ ಬೀದಿಯವರು ಅವರಿಗೆ ಮೂರುಕಾಲು ಎಂದು ಹೆಸರಿಟ್ಟಿದ್ದಾರೆ. ಅವರದು ಮೇಲಿನಿಂದ ಬಗ್ಗಿ ನೋಡುವ ಹಳೇ ಪೆಟ್ಟಿಗೆ ಕ್ಯಾಮೆರಾ. ಅದರ ಗಾಜಿನಲ್ಲಿ ಎಡಗಡೆಯದು ಬಲಕ್ಕೆ, ಬಲಗಡೆಯದು ಎಡಕ್ಕೆ ಕಾಣುತ್ತದೆ. ಮನುಷ್ಯರ ಫೋಟೋ ಎಂದರೆ ಅವರಿಗೆ ಅಲರ್ಜಿ. "ಗುಡ್ಡ ಹಲ್ಲು ಕಿರಿಯಲ್ಲ, ಅದಕ್ಕೇ ಅದು ಚೆನ್ನಾಗಿ ಬರುತ್ತೆ" ಎನ್ನುತ್ತಾರೆ.

ಅವರ ಮಗ, ಅಂದರೆ ನನ್ನ ಗಂಡ, ಬಸ್ ನಿಲ್ದಾಣದ ಎದುರಿಗೆ ಸ್ಟುಡಿಯೋ ಇಟ್ಟಿದ್ದಾರೆ. ಹೆಸರಿಗೆ ಸ್ಟುಡಿಯೋ. ಪಾಸ್‌ಪೋರ್ಟ್ ಫೋಟೋ, ಬ್ಯಾನರು, ಅಂಗಡಿ ಬೋರ್ಡು, ಏನು ಬಂದರೂ ಮಾಡುವುದೇ. ಎಲ್ಲ ಡಿಜಿಟಲ್. ಅತ್ತೆ ಮಧ್ಯಾಹ್ನದ ಪಾತ್ರೆ ತೊಳೆದಿಟ್ಟು ಅಲ್ಲಿಗೆ ಹೋಗಿ, ಪರದೆಯ ಹಿಂದೆ ಕೂತು, ಊರಿನವರ ಮುಖಗಳನ್ನೆಲ್ಲ ಕತ್ತರಿಯಲ್ಲಿ ಚೌಕವಾಗಿ ಕತ್ತರಿಸುತ್ತಾರೆ.

ಅಪ್ಪ ಮಗ ಊಟಕ್ಕೆ ಕೂತರೆಂದರೆ ಫಿಲ್ಮು ಡಿಜಿಟಲ್ ಜಗಳ ಶುರು.

"ಒಂದು ಚಿತ್ರಕ್ಕೆ ಒಂದು ವಾರ ಕಾಯ್ತೀರಿ ಅಪ್ಪ. ಅಷ್ಟರಲ್ಲಿ ನಾನು ಸಾವಿರ ತೆಗೀತೀನಿ."

"ಸಾವಿರ ತೆಗೆದು ಒಂದನ್ನೂ ನೆಟ್ಟಗೆ ನೋಡಲ್ಲ ನೀನು."

"ಬೆಳಕು ಸರಿ ಇಲ್ಲ ಅಂದ್ರೆ ಆಮೇಲೆ ಸರಿ ಮಾಡ್ಕೋಬಹುದು."

"ಅದೇ ನಿಮ್ಮ ರೋಗ! ಬೆಳಕು ಬರೋವರೆಗೆ ಕಾಯೋ ತಾಳ್ಮೆ ಇಲ್ಲ, ಆಮೇಲೆ ಕೂತ್ಕೊಂಡು ಬೆಳಕು ಬಳಿಯೋದು. ನೆಗೆಟಿವ್ ಅಂದ್ರೆ ಸಾಕ್ಷಿ ಕಣೋ. ಅಲ್ಲಿ ಇದ್ದದ್ದು ಇಲ್ಲಿ ಬಿತ್ತು, ಅಷ್ಟೇ."

"ತಟ್ಟೆ ನೋಡ್ಕೊಂಡು ತಿನ್ನಿ ಇಬ್ಬರೂ" ಎಂದು ಅತ್ತೆ ಗದರುತ್ತಿದ್ದರು. ಅಲ್ಲಿಗೆ ಮುಗಿಯುತ್ತಿತ್ತು. ಹಾಗೆ ಮುಗಿಯದಂತಾಗಿದ್ದು ಬಸ್ ನಿಲ್ದಾಣದ ಹೊಸ ಹಾಲ್‌ನಿಂದ.

ಪ್ರಯಾಣಿಕರು ಕಾಯಲು ಹೊಸದಾಗಿ ಕಟ್ಟಿದ ಆ ಹಾಲ್‌ನ ಗೋಡೆಯ ತುಂಬ ನಮ್ಮ ಕೆರೆಯ ಚಿತ್ರ ಬೇಕೆಂದು ನಗರಸಭೆಯವರು ತೀರ್ಮಾನಿಸಿದರು. ಅಷ್ಟು ವರ್ಷ ಕೆರೆಯನ್ನೇ ಕಾಯ್ದು ಕೂತವರು ಮಾವ ಒಬ್ಬರೇ ಎಂಬುದು ಎಲ್ಲರಿಗೂ ಗೊತ್ತು. ಸಾಹೇಬರೊಬ್ಬರು ಮನೆಗೇ ಬಂದು, ಚಹಾ ಕುಡಿದು, ಕೆಳಗಡೆ ನಿಮ್ಮ ಹೆಸರು ಹಾಕುತ್ತೇವೆ ಎಂದರು. ಮಾವನ ಕಿವಿ ಕೆಂಪಾಯಿತು. ಜೀವಮಾನವೆಲ್ಲ ಬಚ್ಚಲಲ್ಲಿ ಕೂತು ಚಿತ್ರ ತೊಳೆದವರ ಹೆಸರು ಅದುವರೆಗೆ ಯಾವ ಗೋಡೆಯ ಮೇಲೂ ಬಂದಿರಲಿಲ್ಲ.

ಅವರು ಆರಿಸಿಕೊಟ್ಟ ಚಿತ್ರ ಹಿಂದಿನ ವರ್ಷದ್ದು. ಕೆರೆಯ ಆಚೆ ದಡದ ಬಂಡೆಯ ಮೇಲಿಂದ ತೆಗೆದದ್ದು. ಬೆಳಗಿನ ಮಂಜು, ನಡುವೆ ನೀರು, ಮುಂದೆ ಜೊಂಡು, ಕೆಳಗಿನ ಎಡಮೂಲೆಯಲ್ಲಿ ಬಣ್ಣದ ಕಾರ್ಖಾನೆಯ ದಪ್ಪ ಪೈಪು. ಪೈಪಿನ ಬಾಯಿಂದ ಬೀಳುವ ನೊರೆಯ ಮೇಲೆ ಬಿಸಿಲು ಸರಿಯಾಗಿ ಬೀಳಲಿ ಎಂದು ಮಾವ ಎಷ್ಟೋ ಬೆಳಗು ಅಲ್ಲಿ ಮೂಗು ಮುಚ್ಚಿಕೊಂಡು ನಿಂತಿದ್ದರು.

"ಈ ಚಿತ್ರ ಪೈಪಿಂದು. ಕೆರೆ ಬರೀ ಹಿನ್ನೆಲೆ" ಎಂದರು ನನಗೆ. "ದಿನಾ ಅಷ್ಟು ಜನ ಅಲ್ಲಿ ಕೂತ್ಕೋತಾರೆ. ಒಬ್ಬರಾದರೂ ಕೇಳಲಿ, ಇದ್ಯಾಕೆ ಇಲ್ಲಿದೆ ಅಂತ."

ನೆಗೆಟಿವನ್ನು ಮಗನ ಕೈಗೆ ಕೊಡುವಾಗ ಎರಡೂ ಕೈಯಲ್ಲಿ ಅಂಚು ಹಿಡಿದು ಕೊಟ್ಟರು. ಸ್ಕ್ಯಾನ್ ಮಾಡಿ ದೊಡ್ಡದಾಗಿ ಮುದ್ರಿಸುವ ಕೆಲಸ ನಮ್ಮ ಸ್ಟುಡಿಯೋದ್ದೇ. ನನ್ನ ಗಂಡ ಅದನ್ನು ತೆಗೆದುಕೊಂಡು ಹೋದವರು ಉದ್ಘಾಟನೆಯವರೆಗೂ ಅದರ ಬಗ್ಗೆ ಮನೆಯಲ್ಲಿ ಮಾತೇ ಎತ್ತಲಿಲ್ಲ. ಆ ಸುಮ್ಮನಿರುವಿಕೆ ನನಗೆ ಅರ್ಥವಾಗಬೇಕಿತ್ತು. ಅವರು ಸುಮ್ಮನಿದ್ದಾರೆಂದರೆ ಏನೋ ಎಡವಟ್ಟಿದೆ ಎಂದೇ ಲೆಕ್ಕ.

ಉದ್ಘಾಟನೆಯ ದಿನ ಮಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡರು. ಅತ್ತೆ ಅವರ ಕಾಲರು ಸರಿಮಾಡಿದರು. ಪರದೆ ಸರಿಯಿತು, ಜನ ಚಪ್ಪಾಳೆ ತಟ್ಟಿದರು. ಗೋಡೆಯ ಈ ತುದಿಯಿಂದ ಆ ತುದಿಯವರೆಗೆ ನೀಲಿ ನೀರು. ಕೆಳಗೆ ಮಾವನ ಹೆಸರು, ಅಂಗೈ ಅಗಲದ ಅಕ್ಷರಗಳಲ್ಲಿ. ಸಾಹೇಬರು ಮೈಕು ಹಿಡಿದು "ಎಂಥ ನಿರ್ಮಲ ಕೆರೆ!" ಎಂದರು. ಆಗಲೇ ಕಿಟಕಿಯಿಂದ ಗಾಳಿ ಬೀಸಿ ನಿಜವಾದ ಕೆರೆಯ ನಾತ ಒಳಗೆ ಬಂತು. ಮುಂದಿನ ಸಾಲಿನವರು ಕರ್ಚೀಫಿನಲ್ಲಿ ಮೂಗು ಮುಚ್ಚಿಕೊಂಡೇ ಆ ಚಿತ್ರವನ್ನು ಮೆಚ್ಚಿಕೊಂಡರು. ನಗಬೇಕೋ ಉಗಿಯಬೇಕೋ ತಿಳಿಯಲಿಲ್ಲ ನನಗೆ.

ಮಾವ ಮೊದಲು ನಗುತ್ತಲೇ ಇದ್ದರು. ದೂರದಿಂದ ಇಡೀ ಚಿತ್ರ ನೋಡುವ ಅಭ್ಯಾಸ ಅವರಿಗಿಲ್ಲ. ಮನೆಯಲ್ಲಿ ಅಂಗೈಯಷ್ಟು ಪ್ರಿಂಟ್ ಬಂದರೂ ಜೇಬಿನಿಂದ ಭೂತಗನ್ನಡಿ ತೆಗೆದು ಒಂದು ಮೂಲೆಯಿಂದ ಶುರುಮಾಡುತ್ತಾರೆ. ಇಲ್ಲೂ ಹಾಗೇ ಮಾಡಿದರು. ಗೋಡೆಯ ಎಡಮೂಲೆಗೆ ಹೋಗಿ, ಮೊಣಕಾಲೂರಿ, ಗಾಜನ್ನು ಚಿತ್ರಕ್ಕೆ ಹಚ್ಚಿದರು. ಜನ ನಕ್ಕರು. ಅವರು ಗಾಜನ್ನು ಸ್ವಲ್ಪ ಸರಿಸಿದರು, ಇನ್ನೂ ಸ್ವಲ್ಪ ಸರಿಸಿದರು.

"ಬಾರೋ ಇಲ್ಲಿ" ಎಂದು ಮಗನನ್ನು ಕರೆದರು. "ಈ ಜೊಂಡು ನೋಡು. ತುದಿ ಮುರಿದು ಬಲಕ್ಕೆ ಬಾಗಿದೆ. ಇಲ್ಲಿ ನೋಡು, ಅದೇ ಮುರಿದ ತುದಿ, ಅದೇ ಬಾಗು. ಇಲ್ಲೂ ಅದೇ. ಇಲ್ಲೂ. ಒಂದೇ ಜೊಂಡು ಎಷ್ಟು ಸಲ ಹುಟ್ಟುತ್ತೋ?"

ನನ್ನ ಗಂಡ ನೆಲ ನೋಡಿದರು.

"ನನ್ನ ಪೈಪ್ ಎಲ್ಲಿ?"

"ಮನೆಗೆ ಹೋಗಿ ಮಾತಾಡೋಣ ಅಪ್ಪ."

"ಪೈಪ್ ಎಲ್ಲೋ!"

ಮೈಕಿನವನು ಗಾಬರಿಯಾಗಿ ಹಾಡು ಹಾಕಿದ. ಅತ್ತೆ ಮಾವನ ರಟ್ಟೆ ಹಿಡಿದು ಎಬ್ಬಿಸಿ ಕರೆತಂದರು.

ಆ ದಿನ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ನಡೆದದ್ದು ಇಷ್ಟು. ಸಾಹೇಬರು ಸ್ಟುಡಿಯೋಗೆ ಬಂದು, ಸ್ಕ್ಯಾನ್ ನೋಡಿ, "ಊರಿಗೆ ಬಂದವರಿಗೆ ಚರಂಡಿ ತೋರಿಸ್ತೀರೇನ್ರೀ? ಸ್ವಲ್ಪ ಕ್ಲೀನ್ ಮಾಡಿ" ಎಂದಿದ್ದರು. ನನ್ನ ಗಂಡ ಊಟದ ಹೊತ್ತಿನೊಳಗೆ ಕ್ಲೀನ್ ಮಾಡಿದ್ದರು. ಪೈಪಿನ ಜಾಗಕ್ಕೆ ಪಕ್ಕದ ಜೊಂಡನ್ನು ಮತ್ತೆ ಮತ್ತೆ ಹಚ್ಚಿ, ನೀರಿಗೆ ನೀಲಿ ಕೊಟ್ಟಿದ್ದರು. ಕೆರೆಯೊಳಗಿನ ಪೈಪನ್ನು ತೆಗೆಯಿರಿ ಎಂದು ಜನ ಎಷ್ಟು ವರ್ಷದಿಂದ ಬಾಯಿ ಬಡಿದುಕೊಂಡರೂ ಜಗ್ಗದ ಕಚೇರಿಗೆ ಚಿತ್ರದೊಳಗಿನ ಪೈಪು ತೆಗೆಸಲು ಅರ್ಧ ದಿನ ಸಾಕಾಯಿತು. ಇದನ್ನು ಹೇಳುವಾಗ ಈಗಲೂ ನನ್ನ ಮೈ ಉರಿಯುತ್ತದೆ.

"ಮೊದಲೇ ಹೇಳೋಕೆ ಏನಾಗಿತ್ತು ನಿಮಗೆ?" ಎಂದು ಕೇಳಿದೆ.

"ಹೇಳಿದ್ರೆ ಅಪ್ಪ ಒಪ್ಪೋರಾ? ಕಚೇರಿ ಬ್ಯಾನರ್ ಕೆಲಸ ಎಲ್ಲ ನಮಗೇ ಬರ್ತಿರೋದು. ಅದು ಹೋದ್ರೆ ಅಂಗಡಿ ಮುಚ್ಚಬೇಕು."

"ಅಂಗಡಿ ಮುಚ್ಚು!" ಎಂದರು ಮಾವ. "ಸುಳ್ಳಿನ ಕೆಳಗೆ ನನ್ನ ಹೆಸರು ಹಾಕಿದ್ದೀಯಲ್ಲ, ನಾನು ಬೀದಿಯಲ್ಲಿ ಹೇಗೋ ತಲೆ ಎತ್ತಲಿ? ಇದಕ್ಕೇ ನಾನು ಬಡ್ಕೊಳ್ಳೋದು, ಡಿಜಿಟಲ್ ಅಂದ್ರೆ ಮೋಸ ಅಂತ."

"ಮೋಸ ಮಾಡಿದ್ದು ನಾನು. ಯಂತ್ರಾನ ಯಾಕೆ ಬೈತೀರಿ? ಅಷ್ಟು ಕೆರೆ ಕೆರೆ ಅಂತೀರಲ್ಲ, ನಿಮ್ಮ ಬಚ್ಚಲಿನ ಕೆಮಿಕಲ್ ನೀರು ಎಲ್ಲಿಗೆ ಹೋಗುತ್ತೆ? ಅದೇ ಕೆರೆಗೆ."

ಮಾವ ತಟ್ಟೆ ದೂಡಿದರು. "ಹೋಗಲಿ. ಅದಕ್ಕೆ ಬೈ, ಕೇಳ್ಕೋತೀನಿ. ಆದರೆ ನನ್ನ ಜೀವಮಾನದಲ್ಲಿ ಒಂದೇ ಒಂದು ಚಿತ್ರದಿಂದ ಒಂದು ಹುಲ್ಲುಕಡ್ಡೀನೂ ತೆಗೆದವನಲ್ಲ ನಾನು."

"ನನ್ನನ್ನ ತೆಗೆದ್ರಲ್ಲ" ಎಂದರು ಅತ್ತೆ.

ಅವರು ಒಲೆಯ ಹತ್ತಿರ ನಿಂತಿದ್ದರು. ದನಿ ಏರಿಸಿರಲಿಲ್ಲ. ಹಾಲು ಉಕ್ಕದಂತೆ ಚಮಚ ಆಡಿಸುತ್ತಲೇ ಇದ್ದರು.

"ಏನು?" ಎಂದರು ಮಾವ.

"ಹೊರಗಡೆ ಕೋಣೇಲಿ ಸೋಫಾದ ಮೇಲೆ ನೇತು ಹಾಕಿದ್ದೀರಲ್ಲ, ನಿಮ್ಮ ಮೊದಲನೇ ಕೆರೆ ಚಿತ್ರ. ಆಗ ನೀರು ಕನ್ನಡಿ ಥರ ಇತ್ತು. ನಾನು ದಡದಲ್ಲಿ ನಿಮ್ಮ ಅಂಗೀನೇ ಒಗೀತಿದ್ದೆ. 'ಎಡಕ್ಕೆ ಹೋಗು, ಎಡಕ್ಕೆ ಹೋಗು' ಅಂತ ಬಂಡೆ ಮೇಲಿಂದ ಕೂಗಿದ್ರಿ. ಎಡಕ್ಕೆ ಹೋದೆ. 'ಅಯ್ಯೋ ಆ ಎಡ ಅಲ್ಲ' ಅಂತ ಬೈದ್ರಿ. ನಿಮ್ಮ ಪೆಟ್ಟಿಗೇಲಿ ಎಡ ಅಂದ್ರೆ ಬಲ ಅಂತ ನಾನು ಕಲಿತಿದ್ದು ಆವತ್ತು. ಒದ್ದೆ ಬಟ್ಟೆ ಎತ್ಕೊಂಡು ಜೊಂಡಿನ ಹಿಂದೆ ಹೋಗಿ ಕೂತೆ. ಮೋಡ ಸರಿಯೋವರೆಗೂ ಕೂತಿದ್ದೆ."

"ಅದು ಚೌಕಟ್ಟಿನ ವಿಷಯ. ಹೊರಗೆ ಇಡೋದು ಬೇರೆ, ಅಳಿಸೋದು ಬೇರೆ."

"ಹೊರಗೆ ಕೂತವಳಿಗೆ ಎರಡೂ ಒಂದೇ."

"ಅದು ನಿಸರ್ಗದ ಚಿತ್ರ ಕಣೇ, ಅದರಲ್ಲಿ ಮನುಷ್ಯರು..."

"ಮನುಷ್ಯರು ಬೇಡ, ಸರಿ. ಆದರೆ ಮುಕ್ಕಾಲಿ ಹೊರೋಕೆ ಬೇಕು. ಬಿಸಿಲಲ್ಲಿ ಕೊಡೆ ಹಿಡಿಯೋಕೆ ಬೇಕು. ಬುತ್ತಿ ಕಟ್ಟೋಕೆ ಬೇಕು. ಎಲ್ಲಾ ಗುಡ್ಡಕ್ಕೂ ಹತ್ತಿದ್ದೀನಿ ನಾನು, ಎಲ್ಲಾ ಚಿತ್ರದ ಪಕ್ಕದಲ್ಲೂ ನಿಂತಿದ್ದೀನಿ. ಮನೆ ತುಂಬ ಪೆಟ್ಟಿಗೆ ಪೆಟ್ಟಿಗೆ ನೆಗೆಟಿವ್ ಇದೆಯಲ್ಲ, ಒಂದರಲ್ಲಾದರೂ ನನ್ನ ಮೂಗು ತೋರಿಸಿ ನೋಡೋಣ. ಆ ಹಾಳು ಪೈಪಿಗಿರೋ ಮರ್ಯಾದೆ ನನಗಿಲ್ಲ."

ಮಗನತ್ತ ತಿರುಗಿದರು. "ನೀನೇನು ನಗ್ತೀಯ? ನೀನು ಕಲಿತಿದ್ದು ಇವರ ಹತ್ರಾನೇ."

ಹಾಲು ಉಕ್ಕಿತು. ನಾನು ಹೋಗಿ ಒಲೆ ಆರಿಸಿದೆ. ಈ ಮನೆಗೆ ಬಂದಾಗಿನಿಂದ ಬಚ್ಚಲಿಗಾಗಿ ಮಾವನನ್ನು ಮನಸ್ಸಿನಲ್ಲೇ ಬೈದುಕೊಂಡಿದ್ದ ನನಗೆ, ನನ್ನ ದೂರು ಎಷ್ಟು ಚಿಕ್ಕದು ಎಂದು ಅವತ್ತು ಗೊತ್ತಾಯಿತು.

ಮರುದಿನ ಬೆಳಿಗ್ಗೆ ಮಾವ ರಾಸಾಯನಿಕದ ಬಾಟಲಿ ಕೈಯಲ್ಲಿ ಹಿಡಿದು ಬಚ್ಚಲಿಗೆ ಹೋದರೆ ಒಳಗಿನಿಂದ ಚಿಲಕ ಹಾಕಿತ್ತು. ನೀರು ಸುರಿಯುವ ಸದ್ದು.

"ಯಾರು ಒಳಗೆ?"

"ನಾನು" ಎಂದರು ಅತ್ತೆ.

"ಬೇಗ ಬಾ, ಕೆಲಸ ಇದೆ."

"ತೊಳೀತಿದೀನಿ."

ಬಿಸಿನೀರಿನ ಆವಿ ಬಾಗಿಲ ಸಂದಿಯಿಂದ ಹೊರಗೆ ಬರುತ್ತಲೇ ಇತ್ತು. ನಾನು ಸಿಂಕಿನಲ್ಲಿ ಮುಖ ತೊಳೆದು, ತಿಂಡಿ ತಿಂದು, ಬಸ್ಸಿಗೆ ಹೊರಟರೂ ಅತ್ತೆ ಹೊರಗೆ ಬಂದಿರಲಿಲ್ಲ. ಮಾವ ಬಾಟಲಿ ಹಿಡಿದು ಬಾಗಿಲ ಮುಂದೆ ಕೂತಿದ್ದರು. ಆ ವಾರವೆಲ್ಲ ಹೀಗೇ ನಡೆಯಿತು. ಅಡುಗೆ ಆಗುತ್ತಿತ್ತು, ಬಟ್ಟೆ ಒಗೆದಾಗುತ್ತಿತ್ತು, ಆದರೆ ಬಟ್ಟೆಯ ಹಗ್ಗದಿಂದ ನೆಗೆಟಿವ್‌ಗಳೆಲ್ಲ ಇಳಿದು ಮಾವನ ಮಂಚದ ಮೇಲೆ ಬಂದವು. ಹಗ್ಗದ ತುಂಬ ಬರೀ ಬಟ್ಟೆ. ಹಾಗೆ ನೋಡಿದ್ದು ನಾನು ಅದೇ ಮೊದಲು.

ಮಾವ ನಗರಸಭೆಗೆ ಅಲೆದರು. ಒಂದೋ ನಿಜವಾದ ಚಿತ್ರ ಹಾಕಿ, ಇಲ್ಲವೇ ಇದನ್ನು ಇಳಿಸಿ ಎಂದರು. ಸಾಹೇಬರು ಮೊದಲ ದಿನ ಕುರ್ಚಿ ಕೊಟ್ಟರು, ಎರಡನೇ ದಿನ ಹೊರಗೆ ಕೂರಿಸಿದರು, ಆಮೇಲೆ ಮೀಟಿಂಗಿನಲ್ಲಿದ್ದಾರೆ ಎಂದು ಹೇಳಿಸಿದರು. ಮುಂದಿನ ವಾರ ನಾನು ಬಸ್ಸಿಗೆ ಕಾಯುತ್ತ ತಲೆ ಎತ್ತಿ ನೋಡಿದರೆ ಚಿತ್ರ ಹಾಗೇ ಇತ್ತು, ಮಾವನ ಹೆಸರಿನ ಮೇಲೆ ಮಾತ್ರ ನೀಲಿ ಬಣ್ಣ ಬಳಿದಿದ್ದರು.

ಮನೆಗೆ ಬಂದು ಹೇಳಿದೆ. ನನ್ನ ಗಂಡನ ಮುಖ ಕೆಂಪಾಯಿತು.

"ಹೆಸರು ಅಳಿಸೋಕೆ ನನ್ನನ್ನೂ ಕೇಳಲಿಲ್ಲ ಅವರು" ಎಂದರು.

"ಯಾಕೆ ಕೇಳ್ತಾರೆ? ಅಳಿಸೋದು ಎಷ್ಟು ಸುಲಭ ಅಂತ ನೀವೇ ತೋರಿಸಿಕೊಟ್ರಲ್ಲ" ಎಂದೆ. ಬಾಯಿಗೆ ಬಂದದ್ದು ಅಂದುಬಿಟ್ಟೆ, ಅಂದದ್ದಕ್ಕೆ ಬೇಸರವೂ ಆಗಲಿಲ್ಲ.

ಅದರ ಮುಂದಿನ ರಜೆಯ ದಿನ ಮಾವ ಮುಕ್ಕಾಲಿ ಹೆಗಲಿಗೇರಿಸಿದರು. ಅಡುಗೆಮನೆಯ ಬಾಗಿಲಲ್ಲಿ ನಿಂತು, ಯಾರ ಮುಖವನ್ನೂ ನೋಡದೆ, "ಕೆರೆಗೆ ಹೋಗ್ತಿದೀನಿ. ಬರ್ತೀಯಾ?" ಎಂದರು.

"ಕೊಡೆ ಹಿಡಿಯೋಕಾ?"

"ಇಲ್ಲ. ಚಿತ್ರದಲ್ಲಿ ನಿಲ್ಲೋಕೆ."

ಅತ್ತೆ ಕೈ ಒರೆಸಿಕೊಂಡರು. ಒಳಗೆ ಹೋಗಿ ತಲೆ ಬಾಚಿಕೊಂಡು ಬಂದರು. ನಾನೂ ನನ್ನ ಗಂಡನೂ ಹಿಂದೆಯೇ ಹೋದೆವು. ಕರೆದಿರಲಿಲ್ಲ, ಆದರೆ ಬಿಟ್ಟಿರುವುದಾದರೂ ಹೇಗೆ!

ಪೈಪಿನ ಹತ್ತಿರ ಉಸಿರಾಡುವುದೇ ಕಷ್ಟ. ಅವತ್ತು ನೀರು ಗಾಢ ಕೆಂಪಾಗಿತ್ತು, ನೊರೆ ಕಂದು. ಅತ್ತೆಯನ್ನು ಪೈಪಿನ ಬಾಯಿಯ ಪಕ್ಕದ ಕಲ್ಲಿನ ಮೇಲೆ ನಿಲ್ಲಿಸಿ ಮಾವ ಬಂಡೆಗೆ ಹೋಗಿ ಪೆಟ್ಟಿಗೆಯೊಳಗೆ ಬಗ್ಗಿ ನೋಡಿದರು. ನೋಡಿದವರೇ ಉತ್ಸಾಹದಿಂದ ಕೂಗಿದರು: "ಭೇಷ್! ಈಗ ಪೈಪ್ ಎಷ್ಟು ದೊಡ್ಡದು ಅಂತ ಗೊತ್ತಾಗುತ್ತೆ! ಬರೀ ಪೈಪ್ ತೆಗೆದ್ರೆ ಅಳತೆ ಸಿಗ್ತಿರಲಿಲ್ಲ!"

ನಾನು ಹಣೆ ಚಚ್ಚಿಕೊಂಡೆ.

"ಅಳತೆಗಾ?" ಎಂದರು ಅತ್ತೆ ಅಲ್ಲಿಂದಲೇ. "ಇಷ್ಟು ವರ್ಷ ಆದಮೇಲೆ ಕರ್ಕೊಂಡು ಬಂದಿದ್ದು ಅಳತೆಕೋಲಿಗಾ? ಒಂದು ಬಿದಿರು ನೆಡಬೇಕಿತ್ತು!"

"ಹಾಗಲ್ಲ ಕಣೇ... ಬೆಳಕು ಹೋಗುತ್ತೆ, ಸ್ವಲ್ಪ ಎಡಕ್ಕೆ ಸರಿ!"

ಅತ್ತೆ ಕದಲಲಿಲ್ಲ. ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ. ಮೂಗು ಮುಚ್ಚಿದ್ದ ಕರ್ಚೀಫನ್ನು ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡರು.

"ನಾನು ಸರಿಯಲ್ಲ. ಸರಿದು ಸರಿದು ಸಾಕಾಗಿದೆ ನನಗೆ. ಬೇಕಾದ್ರೆ ನಿಮ್ಮ ಪೆಟ್ಟಿಗೆ ಸರಿಸಿ."

ಮಾವ ತಲೆ ಎತ್ತಿದರು. ಪೆಟ್ಟಿಗೆಯ ಗಾಜಿನಲ್ಲಲ್ಲ, ಬರಿಗಣ್ಣಿನಲ್ಲಿ ಹೆಂಡತಿಯನ್ನು ನೋಡಿದರು. ಆ ಬಂಡೆಯ ಮೇಲೆ ಮುಕ್ಕಾಲಿಯ ಕಾಲಿಗೆಂದು ಮೂರು ಗುಳಿ ಕೊರೆದಿದ್ದರು ಅವರು, ಅಲ್ಲಿಂದ ಒಂದು ಬೆರಳೂ ಸರಿಸಿದವರಲ್ಲ. ಈಗ ಮುಕ್ಕಾಲಿಯನ್ನು ಗುಳಿಯಿಂದ ಕಿತ್ತು, ಎತ್ತಿಕೊಂಡು, ಎಡವುತ್ತ ಕೆಳಗೆ ಇಳಿದು, ಅತ್ತೆಯ ಎದುರಿಗೆ ಕೆಸರಿನಲ್ಲಿ ಊರಿದರು. ನನ್ನ ಗಂಡ ಓಡಿಹೋಗಿ ಮುಕ್ಕಾಲಿ ಜಾರದಂತೆ ಹಿಡಿದರು. ಮೊಣಕಾಲಿನವರೆಗೆ ಕೆಂಪು ನೀರು. ಅತ್ತೆ ನಗಲಿಲ್ಲ, ಪೈಪನ್ನೂ ನೋಡಲಿಲ್ಲ. ನೇರವಾಗಿ ಪೆಟ್ಟಿಗೆಯನ್ನು ದಿಟ್ಟಿಸಿದರು. ಮಾವ ಗುಂಡಿ ಒತ್ತಿದರು, ಒಂದೇ ಸಲ.

ಮರುದಿನ ಅತ್ತೆ ಬಚ್ಚಲು ಬಿಟ್ಟುಕೊಟ್ಟರು. ನೆಗೆಟಿವ್ ಒಣಗಿತು. ಸ್ಟುಡಿಯೋದಲ್ಲಿ ಅದನ್ನು ಸ್ಕ್ಯಾನ್ ಮಾಡಿದಾಗ ನಾವೆಲ್ಲ ಕಂಪ್ಯೂಟರಿನ ಪರದೆಯ ಮುಂದೆ ನಿಂತಿದ್ದೆವು. ಬಿಳಿ ಚುಕ್ಕೆಯೊಂದಿತ್ತು, ಅತ್ತೆಯ ಕೆನ್ನೆಯ ಹತ್ತಿರ. ದೂಳು.

"ಇದೊಂದು ತೆಗೀಲಾ?" ಎಂದು ನನ್ನ ಗಂಡ ಅಪ್ಪನನ್ನು ಕೇಳಿದರು.

"ನನ್ನನ್ಯಾಕೆ ಕೇಳ್ತೀಯ? ಅವಳನ್ನ ಕೇಳು."

"ಇರಲಿ" ಎಂದರು ಅತ್ತೆ.

ಅಂಗಡಿಯ ಮುಂದಿನ ಗಾಜಿನ ಅರ್ಧ ಮುಚ್ಚುವಷ್ಟು ದೊಡ್ಡದಾಗಿ ಅದನ್ನು ಮುದ್ರಿಸಿ, ಬಸ್ ನಿಲ್ದಾಣದ ಹಾಲ್‌ನ ಬಾಗಿಲಿಗೆ ಎದುರಾಗಿ ಹಾಕಿದರು. ಕೆಳಗೆ ಮಾವನ ಹೆಸರು, ಅತ್ತೆಯ ಹೆಸರು, ಎರಡೂ. ಹಾಲ್‌ನೊಳಗೆ ನೀಲಿ ಕೆರೆ ನೋಡಿ ಹೊರಗೆ ಬಂದವರು ರಸ್ತೆ ದಾಟುವಾಗ ಅತ್ತೆಯನ್ನು ನೋಡಿ ನಿಲ್ಲತೊಡಗಿದರು. ನಿಂತವರು ಕೇಳತೊಡಗಿದರು. ಕೇಳಿದವರು ಗುಂಪಾಗಿ ನಗರಸಭೆಗೂ ಹೋಗತೊಡಗಿದರು. ಬ್ಯಾನರ್ ಕೆಲಸ ನಿಂತಿತು. ನನ್ನ ಗಂಡ ಪಾಸ್‌ಪೋರ್ಟ್ ಫೋಟೋ ತೆಗೆಯುತ್ತ ಹೋದರು.

ಕೊನೆಗೆ ಸಾಹೇಬರೇ ಬಂದರು. ನಾನು ಕೆಲಸ ಮುಗಿಸಿ ಅಂಗಡಿಗೆ ಬಂದಿದ್ದೆ. ಗಾಜಿನ ಮುಂದೆ ನಿಂತು ನೋಡಿದರು, ಒಳಗೆ ಬಂದು ದನಿ ಇಳಿಸಿದರು.

"ನೋಡಿ, ಪೈಪ್ ಬೇಕಾದ್ರೆ ಇರಲಿ. ದಿನಾ ನೋಡೋರಿಗೆ ಪೈಪ್ ಏನು ಹೊಸದಾ, ನಾಲ್ಕು ದಿನ ನೋಡಿ ಸುಮ್ಮನಾಗ್ತಾರೆ. ಆದರೆ ಆ ಹೆಂಗಸು ಇದ್ದಾಳಲ್ಲ, ಅವಳು ನೋಡೋ ನೋಟಕ್ಕೇ ಜನ ನಿಲ್ತಿರೋದು. ನಾವೇ ಏನೋ ಮಾಡಿದ್ದೀವಿ ಅನ್ನೋ ಹಾಗೆ ನೋಡ್ತಾಳೆ. ಅವಳೊಬ್ಬಳನ್ನ ತೆಗೆದುಬಿಡಿ. ನಿಮಗೆ ಒಂದು ನಿಮಿಷದ ಕೆಲಸ. ಬ್ಯಾನರ್‌ಗಳ ವಿಷಯ ನಾನು ಮಾತಾಡ್ತೀನಿ."

ನನ್ನ ಗಂಡ ಕುರ್ಚಿಯಿಂದ ಎದ್ದರು.

"ಆ ಹೆಂಗಸು ನಮ್ಮಮ್ಮ" ಎಂದರು. "ಹಿಂದೆ ಕೂತಿದ್ದಾರೆ. ನೀವೇ ಕೇಳಿ."

ಪರದೆಯ ಹಿಂದೆ ಕತ್ತರಿಯ ಸದ್ದು ನಿಂತಿತು.

"ಏನಂತೆ?" ಎಂದರು ಅತ್ತೆ.

"ನೀವು ಸ್ವಲ್ಪ ಪಕ್ಕಕ್ಕೆ ಸರೀಬೇಕಂತೆ ಅತ್ತೆ" ಎಂದೆ ನಾನು.

ಅತ್ತೆ ಹೊರಗೆ ಬಂದರು. ಒಂದು ಕೈಯಲ್ಲಿ ಕತ್ತರಿ, ಒಂದು ಕೈಯಲ್ಲಿ ಸ್ಟೂಲು. ಸಾಹೇಬರು ಗೋಡೆಗೆ ಆತುಕೊಂಡು ದಾರಿ ಬಿಟ್ಟರು. ಅತ್ತೆ ಅವರನ್ನು ದಾಟಿ ಹೋಗಿ, ಸ್ಟೂಲನ್ನು ಗಾಜಿನ ಹತ್ತಿರ ತಮ್ಮ ಚಿತ್ರದ ಪಕ್ಕದಲ್ಲೇ ಹಾಕಿ, ಬೀದಿಗೆ ಮುಖ ಮಾಡಿ ಕೂತರು. ಆಮೇಲೆ ಕಂಕುಳಲ್ಲಿ ಸಿಕ್ಕಿಸಿಕೊಂಡಿದ್ದ ಫೋಟೋದ ಹಾಳೆ ತೆಗೆದು ಕತ್ತರಿಸತೊಡಗಿದರು.